ಹಸಿ ಕಾಗದ ಮತ್ತು ಮಾವಶಿಯ ಕೈ

ಮಾವಶಿಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಸೀಳಿತ್ತು. ಕೈ ಮಡಚಿ ಕೂತಾಗ ಕಾಣುತ್ತಿರಲಿಲ್ಲ. ರೊಟ್ಟಿ ಬಡಿಯಲು ಅಂಗೈ ಅಗಲಿಸಿದರೆ ಸಾಕು, ಬಾಯಿ ಬಿಡುತ್ತಿತ್ತು. ಅವತ್ತು ಆಫೀಸಿನಿಂದ ಬೇಗ ಬಂದು, ಮಗಳನ್ನು ಕರೆದೊಯ್ಯಲೆಂದು ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬಡಿಯುತ್ತಿದ್ದ ಜೋಳದ ರೊಟ್ಟಿಯ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಮೂಡಿತು. ನೋಡನೋಡುತ್ತಿದ್ದಂತೆ ಅದರ ಪಕ್ಕ ಇನ್ನೊಂದು. ಅವರು ಆ ರೊಟ್ಟಿಯನ್ನು ಮುದ್ದೆ ಮಾಡಿ ಬದಿಗೆಸೆದು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

"ಅಯ್ಯೋ ಮಾವಶಿ, ಏನಿದು ಕೈ!" ಎಂದು ಕೂಗಿಯೇಬಿಟ್ಟೆ.

"ಏನಿಲ್ಲ ತಗೋರಿ ಅಕ್ಕಾರ. ಚಳಿಗಿ ಒಡದದ."

ಏಪ್ರಿಲ್ ತಿಂಗಳು. ಹೊರಗೆ ಪುಣೆಯ ಬಿಸಿಲು ತಲೆ ಸುಡುತ್ತಿತ್ತು. ಚಳಿಯಂತೆ! ನಾನು ಸೆರಗು ಎಳೆದು ಕೈ ಬಿಡಿಸಿ ನೋಡಿದೆ. ಅಂಗೈಯ ಚರ್ಮ ಪದರ ಪದರವಾಗಿ ಎದ್ದಿತ್ತು. ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳು, ಗೆಣ್ಣುಗಳ ಮೇಲೆ ಕೆಂಪಗೆ ಬಿರಿದ ಗೆರೆಗಳು. ಎರಡು ವರ್ಷದಿಂದ ನನ್ನ ಮಗಳನ್ನು ದಿನವೂ ಎತ್ತಿಕೊಳ್ಳುತ್ತಿದ್ದ ಕೈ ಅದು.

ಹಿಂಜವಾಡಿಯಲ್ಲಿ ನಮ್ಮ ಸೊಸೈಟಿಯ ಹಿಂದಿನ ಗಲ್ಲಿಯಲ್ಲಿ, ಎರಡು ಕೋಣೆಯ ಒಂದು ಮನೆಯಲ್ಲಿ ಅವರು ಪಾಳಣಾಘರ ನಡೆಸುತ್ತಿದ್ದರು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುವ ಜಾಗ. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರನ್ನು ಇಲ್ಲಿ ಮಾವಶಿ ಎಂದೇ ಕರೆಯುವುದು, ಅಂದರೆ ಚಿಕ್ಕಮ್ಮ. ನಾನೂ ಹಾಗೇ ಕರೆದೆ, ಇಂದಿಗೂ ಹಾಗೇ ಕರೆಯುತ್ತೇನೆ. ವಿಜಯಪುರದ ಕಡೆಯವರು. ಗಂಡ ಕಂಪನಿಯ ಬಸ್ಸು ಓಡಿಸುತ್ತಿದ್ದರು. ಒಬ್ಬಳೇ ಮಗಳು, ಅವಳನ್ನು ತಳೇಗಾಂವಕ್ಕೆ ಕೊಟ್ಟಿದ್ದರು.

ಮೊದಲ ದಿನ ನಾನು ಅವರ ಹತ್ತಿರ ನನ್ನ ಹರಕು ಹಿಂದಿಯಲ್ಲಿ ಒದ್ದಾಡುತ್ತಿದ್ದೆ. ಅವರೂ ತಮ್ಮ ಹರಕು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ಅಷ್ಟರಲ್ಲಿ ಹಾಸನದಿಂದ ಅಮ್ಮನ ಫೋನು ಬಂತು. "ಬಿಟ್ಟಾಯ್ತಮ್ಮ, ಅಳ್ತಾ ಇದಾಳೆ ಕಣಮ್ಮ" ಎಂದು ನಾನೂ ಅಳುತ್ತ ಹೇಳಿದೆ. ಮಾವಶಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಯ್ಯ, ನೀವ್ ಕನ್ನಡದೋರಾ? ಮೊದಲಽ ಹೇಳಬಾರದೇನ್ರಿ? ಆಗಿಂದ ನನ್ನ ಬಾಯಾಗ ಹಿಂದಿ ಆಡಸ್ಲಿಕತ್ತೀರಿ! ಹೋಗ್ರಿ, ನೀವ್ ಹೋಗ್ರಿ ಮೊದಲು. ಕೂಸು ಅಳೂದು ನಿಮ್ಮ ಮಾರಿ ನೋಡಿ."

ನಿಜವೇ. ನಾನು ಗೇಟು ದಾಟುವಷ್ಟರಲ್ಲಿ ಒಳಗೆ ಅಳು ನಿಂತಿತ್ತು. ನನಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು ಅನ್ನಿ.

ಮಕ್ಕಳನ್ನು ಅವರು ಹೆಸರು ಹಿಡಿದು ಕರೆದದ್ದೇ ಕಡಿಮೆ. ಡಬ್ಬಿಯಲ್ಲಿ ತಂದ ತಿಂಡಿಯೇ ಹೆಸರು. ಒಬ್ಬ ಪೋಹೆ ಸಾಹೇಬರು, ಒಬ್ಬಳು ಪರಾಠೆ ಬಾಯಿ. ನನ್ನ ಪುಟ್ಟಿ ಚಿತ್ರಾನ್ನದ ಅಕ್ಕಾರು. "ಚಿತ್ರಾನ್ನದ ಅಕ್ಕಾರ, ಇವತ್ತ ಉಣ್ಣಂಗಿಲ್ಲೇನು? ಯಾಕ, ನಮ್ಮ ಮ್ಯಾಲ ಸಿಟ್ಟದ?" ಎಂದು ಗಲ್ಲ ಹಿಡಿದು ಮಾತಾಡಿಸಿದರೆ ಯಾವ ಮಗುವಾದರೂ ಬಾಯಿ ತೆರೆಯಬೇಕು. ಪುಟ್ಟಿ ಮಾತು ಕಲಿತದ್ದೇ ಅವರ ಮಡಿಲಲ್ಲಿ. ಹಾಸನದ ಅಜ್ಜಿಗೆ ಫೋನಿನಲ್ಲಿ "ಅಜ್ಜಿ, ಭಾಳ ಬಿಸಿ ಅದ" ಅಂದಾಗ ಅಮ್ಮ ಆ ಕಡೆಯಿಂದ, "ಯಾರೇ ಇದು, ಯಾರ ಮಗು ಕೈಗೆ ಫೋನ್ ಕೊಟ್ಟಿದೀಯ?" ಎಂದು ನಕ್ಕಿದ್ದೇ ನಕ್ಕಿದ್ದು.

ಪಾಳಣಾಘರಕ್ಕೆ ಬರುವ ಪ್ರತಿ ಮಗುವಿನ ಚೀಲದಲ್ಲೂ ಒಂದು ವೈಪ್ಸ್ ಪೊಟ್ಟಣ ಇರಲೇಬೇಕು. ಪೊಟ್ಟಣದ ಮೇಲೆ ಗುಂಡು ಗುಂಡಾದ ಮಗುವಿನ ಚಿತ್ರ. ಮಾವಶಿ ಅದಕ್ಕೆ ಇಟ್ಟ ಹೆಸರು ಹಸಿ ಕಾಗದ. ಮೊದಮೊದಲು ಅವರಿಗೆ ಅದರ ಮೇಲೆ ಗುಮಾನಿ. "ಒಂದ್ ಹಸಿ ಅರಿವಿ ಮೂಲ್ಯಾಗ ಒಗದ್ರ ಮರುದಿನ ನಾರ್ತದ. ಇದು ತಿಂಗಳಗಟ್ಟಲೆ ಹಸಿ ಇದ್ರೂ ಕೆಡಂಗಿಲ್ಲ ಅಂದ್ರ ಹೆಂಗ್ರಿ?" ಎಂದು ಕೇಳಿದ್ದರು. "ಅದಕ್ಕೇನೋ ಹಾಕಿರ್ತಾರೆ ಮಾವಶಿ" ಎಂದು ನಾನು ಕ್ಯಾಬ್ ಹತ್ತಿದ್ದೆ. ಆಮೇಲಾಮೇಲೆ ಆ ಕಾಗದ ಅವರಿಗೆ ಎಷ್ಟು ಹಿಡಿಸಿತೆಂದರೆ, ಮೂಗಿಗೂ ಅದೇ, ಕುಂಡಿಗೂ ಅದೇ, ಆಟಿಕೆಗೂ ಅದೇ. ಬೆಳಗಿನಿಂದ ಸಂಜೆಯವರೆಗೆ ಅವರ ಬೆರಳ ನಡುವೆ ಅದೊಂದು ಇದ್ದೇ ಇರುತ್ತಿತ್ತು.

ಕೈಗೆ ಕಜ್ಜಿ ಹತ್ತಿದ ಮೇಲೆ ಗಲ್ಲಿಯ ಹೆಂಗಸರೆಲ್ಲ ವೈದ್ಯರಾದರು. ಒಬ್ಬಳು ನೆಲ ಒರೆಸುವ ಫಿನೈಲ್ ಬಿಡು ಅಂದಳು, ಬಿಟ್ಟರು. ಇನ್ನೊಬ್ಬಳು ಬಟ್ಟೆ ಒಗೆಯುವ ಸೋಪು ಬಿಡು ಅಂದಳು. ಅದನ್ನೂ ಬಿಟ್ಟರು, ಬಟ್ಟೆಯನ್ನು ಗಂಡನ ಪಾಲಿಗೆ ಹಾಕಿದರು. ಮೂರನೆಯವಳು ಬದನೆಕಾಯಿ ನಂಜು, ಶೇಂಗಾ ನಂಜು ಅಂದಳು. ವಿಜಯಪುರದವರಿಗೆ ಬದನೆಕಾಯಿಯನ್ನೂ ಶೇಂಗಾ ಹಿಂಡಿಯನ್ನೂ ಬಿಡು ಅಂದರೆ ಊಟವನ್ನೇ ಬಿಡು ಅಂದ ಹಾಗೆ. ಅದನ್ನೂ ಬಿಟ್ಟರು ಮಹಾತಾಯಿ. ಮೈಲಾರಲಿಂಗ ಅವರ ಮನೆದೇವರು. ಅವನ ಗುಡಿಯಿರುವ ಜೇಜುರಿಗೆ ಹೋಗಿ ಬಂದು ಅಲ್ಲಿಯ ಭಂಡಾರವನ್ನು, ಆ ಅರಿಶಿನದ ಪುಡಿಯನ್ನು, ಎಣ್ಣೆಯಲ್ಲಿ ಕಲಸಿ ಅಂಗೈಗೆ ಬಳಿದುಕೊಂಡರು. ಸೀಳುಗಳಲ್ಲಿ ಹಳದಿ ತುಂಬಿಕೊಂಡು ಆ ಕೈ ನೋಡಲು ಇನ್ನೂ ಭೀಕರವಾಯಿತು.

ಇಷ್ಟೆಲ್ಲ ಬಿಟ್ಟವರು ಒಂದನ್ನು ಮಾತ್ರ ಹೆಚ್ಚು ಮಾಡಿದರು. ನೀರು ಮುಟ್ಟಿದರೆ ಉರಿ ಎಂದು ಕೈ ತೊಳೆಯುವುದನ್ನೇ ನಿಲ್ಲಿಸಿ ಮಕ್ಕಳ ಹಸಿ ಕಾಗದದಿಂದ ಒರೆಸಿಕೊಳ್ಳತೊಡಗಿದರು. ತಂಪಾಗಿರುತ್ತದಲ್ಲ. "ಅದ್ಯಾಕೆ ಮಾವಶಿ, ಅದು ಆಗುತ್ತಾ ಕೈಗೆ?" ಎಂದು ಕೇಳಿದೆ.

"ಹಸಗೂಸಿನ ಕುಂಡಿಗಿ ಆಗೂದು, ನನ್ನ ಈ ಒರಟು ಕೈಗಿ ಆಗಂಗಿಲ್ಲೇನ್ರಿ? ಇದರಷ್ಟು ಮೆತ್ತಗಿಂದು ಯಾವುದದ?"

ಈ ಮಾತಿಗೆ ನಾನೂ ತಲೆಯಾಡಿಸಿದೆ. ಯಾರಾದರೂ ತಲೆಯಾಡಿಸುವಂಥ ಮಾತೇ ಅದು.

ಮೇ ತಿಂಗಳ ಒಂದು ದಿನ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಬಂತು. ಹಾಲಿನ ಬಾಟಲಿ ಹಿಡಿದಿರುವ ಒಂದು ಕೈ. ಮುಖವಿಲ್ಲ, ಕೈ ಮಾತ್ರ. ಕೆಳಗೆ, "ಇದು ಅಂಟುರೋಗವೇ? ಯಾರಿಗಾದರೂ ಗೊತ್ತೇ?" ಎಂಬ ಪ್ರಶ್ನೆ. ಉತ್ತರಗಳು ಒಂದರ ಮೇಲೊಂದು ಬಿದ್ದವು. ಒಬ್ಬಳು ಕುಷ್ಠ ಇರಬಹುದು ಅಂತಲೂ ಬರೆದಳು. ನಾನು ಮೀಟಿಂಗಿನಲ್ಲಿ ಕೂತು ಅದನ್ನು ಓದಿದೆ, ಮೈಯೆಲ್ಲ ಬೆಂಕಿ ಹತ್ತಿಕೊಂಡ ಹಾಗಾಯಿತು. ತಮ್ಮ ಮಗು ಹೇತದ್ದನ್ನು ದಿನವೂ ಬಳಿಯುವ ಕೈಯನ್ನು ಕದ್ದು ಫೋಟೊ ತೆಗೆದು ಊರಿಗೆಲ್ಲ ತೋರಿಸುತ್ತಾರಲ್ಲ, ಇವರು ಮನುಷ್ಯರೇ?

ಸಂಜೆ ನಮ್ಮ ಮನೆಯವರೂ ಮೆಲ್ಲಗೆ ಶುರು ಮಾಡಿದರು. "ಸ್ವಲ್ಪ ದಿನ ಪುಟ್ಟಿನ ಮನೇಲೇ ಇಟ್ಕೊಳ್ಳೋಣ ಕಣೇ, ಯಾಕೆ ಸುಮ್ನೆ ರಿಸ್ಕು..."

"ಇಟ್ಕೊಳ್ಳಿ, ಧಾರಾಳವಾಗಿ ಇಟ್ಕೊಳ್ಳಿ. ನೀವು ರಜ ಹಾಕಿ" ಎಂದೆ. ಆ ಮಾತು ಅಲ್ಲಿಗೆ ಮುಗಿಯಿತು.

ಒಂದು ವಾರದಲ್ಲಿ ಪಾಳಣಾಘರ ಅರ್ಧ ಖಾಲಿಯಾಯಿತು. ಮಾವಶಿ ಯಾರನ್ನೂ ಬೈಯಲಿಲ್ಲ. ಉಳಿದ ಮಕ್ಕಳನ್ನು ಎತ್ತಿಕೊಳ್ಳುವಾಗ ತಾವಾಗಿಯೇ ಕೈಗೆ ಹಳೆಯ ಸೀರೆಯ ತುಂಡು ಸುತ್ತಿಕೊಳ್ಳತೊಡಗಿದರು. ಇದೆಲ್ಲ ಅವರಿಗೆ ಒಂದು ಲೆಕ್ಕವೇ ಆಗಿರಲಿಲ್ಲ. ಅವರ ಜೀವವೆಲ್ಲ ಇನ್ನೊಂದು ಕಡೆ ಇತ್ತು. ಮಗಳು ಬಸುರಿ. ಮೊದಲ ಹೆರಿಗೆ. ತವರಿಗೆ ಕರೆತಂದು ಬಾಣಂತನ ಮಾಡಬೇಕು, ಮೊಮ್ಮಗುವಿಗೆ ತಮ್ಮ ಕೈಯಾರೆ ಎಣ್ಣೆ ಹಚ್ಚಿ ಎರೆಯಬೇಕು. "ಮಂದಿ ಮಕ್ಕಳ್ನ ಇಷ್ಟ ವರ್ಷ ಎತ್ತೀನ್ರಿ ಅಕ್ಕಾರ. ಇನ್ನ ನನ್ನ ಕೂಸು ಬರ್ತದ" ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಮಗಳ ಕುಬಸಕ್ಕೆ ನನ್ನನ್ನೂ ಕರೆದಿದ್ದರು, ನಮ್ಮ ಕಡೆ ಸೀಮಂತ ಅನ್ನುತ್ತೇವಲ್ಲ, ಅದೇ. ತಳೇಗಾಂವದಲ್ಲಿ ಬೀಗರ ಮನೆ. ಬೀಗತಿ, ಅಂದರೆ ಮಗಳ ಅತ್ತೆ, ಸೊಲ್ಲಾಪುರದ ಕಡೆಯ ಕನ್ನಡದವರು. ಗಟ್ಟಿ ದನಿ, ಗಟ್ಟಿ ಹೆಂಗಸು. ಹುಡುಗಿ ಹಸಿರು ಸೀರೆಯುಟ್ಟು, ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಮೊದಲು ತಾಯಿ ಉಡಿ ತುಂಬಬೇಕು. ಮಾವಶಿ ಅಕ್ಕಿ, ಕೊಬ್ಬರಿ ಬಟ್ಟಲು ತುಂಬಿದ ಮೊರ ಎತ್ತಿಕೊಂಡು ಮುಂದೆ ಬಂದರು. ಸೀರೆಯ ತುಂಡು ಸುತ್ತಿರಲಿಲ್ಲ. ಮಗಳ ಉಡಿಯನ್ನು ಬಟ್ಟೆ ಸುತ್ತಿದ ಕೈಯಲ್ಲಿ ಯಾರಾದರೂ ತುಂಬುತ್ತಾರೆಯೇ?

ಬೀಗತಿಯ ಕಣ್ಣು ಆ ಕೈಗಳ ಮೇಲೆ ಬಿತ್ತು. ಎದ್ದು ಬಂದವರೇ ಮೊರವನ್ನು ಕಿತ್ತುಕೊಂಡರು.

"ನೀವ್ ದೂರ ನಿಂದರ್ರಿ ಬೀಗರ. ಉಡಿ ನಾ ತುಂಬತೀನಿ. ಹೊಟ್ಟ್ಯಾಗ ಕೂಸದ. ಸಿಟ್ಟ ಮಾಡ್ಕೋಬ್ಯಾಡ್ರಿ, ಬಾಣಂತನಾನೂ ಇಲ್ಲೇ ಆಗ್ತದ. ಈ ಕೈಲೆ ಕೂಸಿನ್ನ ಮುಟ್ಟಬ್ಯಾಡ್ರಿ."

ಹಾಡುತ್ತಿದ್ದ ಹೆಂಗಸರು ನಡುವೆಯೇ ಹಾಡು ನಿಲ್ಲಿಸಿದರು. ಮಾವಶಿಯ ಖಾಲಿ ಕೈಗಳು ಮೊರ ಹಿಡಿದಿದ್ದ ಎತ್ತರದಲ್ಲೇ ಸ್ವಲ್ಪ ಹೊತ್ತು ನಿಂತಿದ್ದವು. ಆಮೇಲೆ ಅವರು ಗೋಡೆಯ ಕಡೆ ಹೋಗಿ, ಎಲ್ಲರ ಹಿಂದೆ ನಿಂತು ಮಗಳಿಗೆ ಅಕ್ಷತೆ ಎರಚಿದರು. ಮಗಳು ಬಿಕ್ಕಳಿಸಿದಳು. ಹಿಂಜವಾಡಿಯಲ್ಲಿ ಕಾರಿನಿಂದ ಇಳಿಯುತ್ತ ಮಾವಶಿ, "ಅವರದೇನೂ ತಪ್ಪಿಲ್ರಿ. ನಾ ಅವರ ಜಾಗಾದಾಗ ಇದ್ರ ನಾನೂ ಹಂಗಽ ಮಾಡತಿದ್ದೆ" ಅಂದರು.

ಮಾರನೆಯ ದಿನವೇ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಲು ನಿಂತೆ. ಫೋನಿನಲ್ಲಿ ಡಾಕ್ಟರಮ್ಮ, "ಕೈಗೆ ತಾಗುವ, ನಿಮಗೆ ಅನುಮಾನ ಇರುವ ವಸ್ತುಗಳನ್ನೆಲ್ಲ ತನ್ನಿ" ಎಂದು ಮರಾಠಿಯಲ್ಲಿ ಹೇಳಿದ್ದರು. ಮಾವಶಿ ಒಂದು ಕೈಚೀಲ ತುಂಬಿಕೊಂಡು ಬಂದರು. ಡಾಕ್ಟರಮ್ಮ ಮೇಜಿನ ಮೇಲೆ ಒಂದೊಂದೇ ಹೊರಗಿಟ್ಟರು. ಫಿನೈಲ್ ಬಾಟಲಿ, ಸೋಪಿನ ತುಂಡು, ಪಾತ್ರೆ ತೊಳೆಯುವ ಲಿಕ್ವಿಡ್ಡು, ಕೈ ತೊಳೆಯುವ ಲಿಕ್ವಿಡ್ಡು. ಕೊನೆಗೆ ಒಂದು ಬದನೆಕಾಯಿ.

"ಹೇ ಕಾಯ್?" ಎಂದು ಡಾಕ್ಟರಮ್ಮ ಬದನೆಕಾಯಿ ಎತ್ತಿ ಹಿಡಿದರು, ಇದೇನು ಎಂದು.

"ಅನಮಾನ ಇದ್ದದ್ದೆಲ್ಲಾ ತಾ ಅಂದ್ರಲ್ರಿ" ಎಂದು ಮಾವಶಿ ಡಾಕ್ಟರ ಮುಂದಿನ ಗಾಬರಿಯಲ್ಲಿ ಮರಾಠಿ ಮರೆತು ಕನ್ನಡದಲ್ಲೇ ಹೇಳಿದರು, ನಾನು ಇಲ್ಲಿ ಕಲಿತಷ್ಟು ಮರಾಠಿಯಲ್ಲಿ ತಿರುಗಿಸಿ ಹೇಳಿದೆ. ಡಾಕ್ಟರಮ್ಮ ನಕ್ಕುಬಿಟ್ಟರು. ನನಗೂ ನಗು ತಡೆಯಲಿಲ್ಲ. ಆ ತೊಟ್ಟಿನ ಮುಳ್ಳು ಚುಚ್ಚಿತೇನೋ, ಚೀಲದ ಧೂಳು ಮೆತ್ತಿತೇನೋ, ಮಾವಶಿ ಮಾತ್ರ ನಗದೆ ತಮ್ಮ ಸೊಂಟದ ಸಂಚಿಯಿಂದ ಒಂದು ಪೊಟ್ಟಣ ತೆಗೆದು, ಹಸಿ ಕಾಗದ ಎಳೆದು, ಅಂಗೈಯನ್ನು ಬೆರಳ ಸಂದಿಯವರೆಗೂ ಒರೆಸಿಕೊಂಡರು.

ಡಾಕ್ಟರಮ್ಮನ ನಗು ನಿಂತಿತು. ಕೈ ಚಾಚಿ ಆ ಪೊಟ್ಟಣ ಈಸಿಕೊಂಡರು. ಹಿಂದೆ ತಿರುಗಿಸಿ, ಸಣ್ಣಕ್ಷರಗಳನ್ನು ಕನ್ನಡಕ ಮೇಲೆತ್ತಿ ಓದಿದರು. "ಇದನ್ನು ದಿನಕ್ಕೆ ಎಷ್ಟು ಸಲ?" ಎಂದು ಕೇಳಿದರು.

"ಅದಕ್ಕೇನ್ ಲೆಕ್ಕರಿ? ಇಡೀ ದಿನಾ" ಅಂದರು ಮಾವಶಿ.

ಅವರ ಬೆನ್ನಿಗೆ ಸಾಲಾಗಿ ಪಟ್ಟಿಗಳನ್ನು ಅಂಟಿಸಿದರು. ಒಂದೊಂದು ಪಟ್ಟಿಯ ಕೆಳಗೆ ಒಂದೊಂದು ಬಗೆಯ ರಾಸಾಯನಿಕ, ಚರ್ಮ ಯಾವುದಕ್ಕೆ ಸಿಡುಕುತ್ತದೆ ನೋಡಲಿಕ್ಕೆ. ಎರಡು ದಿನ ಮೈಗೆ ನೀರು ಹಾಕಬಾರದು. ಪಟ್ಟಿ ಬಿಚ್ಚಿದ ದಿನ ನಾನೂ ಇದ್ದೆ. ಬೆನ್ನೆಲ್ಲ ನುಣ್ಣಗಿತ್ತು, ಒಂದು ಜಾಗದಲ್ಲಿ ಮಾತ್ರ ಚರ್ಮ ಕೆಂಪಾಗಿ ಉಬ್ಬಿ ಗುಳ್ಳೆ ಎದ್ದಿತ್ತು. ಡಾಕ್ಟರಮ್ಮ ಅದರ ಹೆಸರು ಹೇಳಿದರು: ಮೀಥೈಲ್ ಐಸೋಥಯಜೋಲಿನೋನ್. ಹೇಳುವಷ್ಟರಲ್ಲಿ ನಾಲಿಗೆ ತಿರುಚಿಕೊಳ್ಳುತ್ತದೆ. ನೀರಿರುವ ವಸ್ತು ಬೂಸಲು ಹಿಡಿಯದಂತೆ, ನಾರದಂತೆ ಹಾಕುವ ಔಷಧಿಯಂತೆ. ಪಾತ್ರೆಯ ಲಿಕ್ವಿಡ್ಡಿನಲ್ಲೂ ಅದೇ ಇತ್ತು, ಕೈ ತೊಳೆಯುವುದರಲ್ಲೂ ಇತ್ತು. ಆ ಪೊಟ್ಟಣದಲ್ಲಂತೂ ಇತ್ತೇ ಇತ್ತು. ಇಡೀ ದಿನ ಅದರಲ್ಲೇ ಅದ್ದಿದ ಕೈ ಒಂದು ದಿನ ಒಲ್ಲೆ ಎಂದಿತ್ತು. ಒಮ್ಮೆ ಒಲ್ಲೆ ಎಂದರೆ ಮುಗಿಯಿತು, ಆಮೇಲೆ ಜೀವಮಾನವಿಡೀ ಒಲ್ಲದು.

ಫಿನೈಲನ್ನು ಬಿಟ್ಟರು, ಸೋಪು ಬಿಟ್ಟರು, ಬಾಯಿಗೆ ರುಚಿಯಾದ ಬದನೆಕಾಯಿ ಬಿಟ್ಟರು. ಯಾವುದು ಸುಡುತ್ತಿತ್ತೋ ಅದನ್ನೇ ತಂಪು ಎಂದು ಗಾಯಕ್ಕೆ ಒತ್ತಿಕೊಂಡರು! ಇದಕ್ಕೆ ಯಾರನ್ನು ಬೈಯುವುದು?

ಮಾವಶಿಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಮ್ಮ ಕೈ ನೋಡಿಕೊಳ್ಳಲಿಲ್ಲ. ಅವರ ಬಾಯಿಂದ ಬಂದ ಮೊದಲ ಮಾತು, "ಹಂಗಾರ ನನ್ನ ಹುಡುಗುರು? ಅವಕೇನ್ ಆಗ್ತದ್ರಿ?"

ಎಲ್ಲರಿಗೂ ಹೀಗಾಗುವುದಿಲ್ಲ, ಕೆಲವರಿಗಷ್ಟೇ, ಆದರೂ ಮಕ್ಕಳಿಗೆ ನೀರು ಬಟ್ಟೆಯೇ ಒಳ್ಳೆಯದು ಎಂದರು ಡಾಕ್ಟರಮ್ಮ. ಆಮೇಲೆ ಮಾವಶಿ ಕುರ್ಚಿಯ ತುದಿಗೆ ಸರಿದು, ನನ್ನ ಮೊಣಕೈ ಹಿಡಿದು, "ಇನ್ನೊಂದ್ ಕೇಳ್ರಿ ಅಕ್ಕಾರ. ನಾ ಮೊಮ್ಮಗೂನ್ನ ಎತ್ತಬಹುದೇನು ಕೇಳ್ರಿ" ಎಂದರು.

"ಎತ್ತಿ, ಎರೆಯಿರಿ, ಏನು ಬೇಕಾದರೂ ಮಾಡಿ. ಇದು ಅಂಟುವುದಲ್ಲ. ನಿಮ್ಮ ಕೈಯಿಂದ ಮಗುವಿಗೆ ಏನೂ ಆಗದು. ಆ ಕಾಗದದಿಂದ ನೀವು ದೂರ ಇರಿ, ಅಷ್ಟೇ" ಎಂದು ಡಾಕ್ಟರಮ್ಮ ಅವರ ಎರಡೂ ಕೈಗಳನ್ನು ತಮ್ಮ ಬರಿಗೈಯಲ್ಲಿ ಹಿಡಿದುಕೊಂಡು ಹೇಳಿದರು. ಮಾವಶಿ ಅಲ್ಲೇ ಅತ್ತುಬಿಟ್ಟರು. ಅಷ್ಟು ದಿನದಲ್ಲಿ ಅವರು ಅತ್ತದ್ದು ಅದೇ ಮೊದಲು.

ಅಲ್ಲಿಂದ ಪಾಳಣಾಘರದ ಕಾನೂನು ಬದಲಾಯಿತು. ಗಂಡನ ಹಳೆಯ ಧೋತರಗಳನ್ನು ಹರಿದು, ಕುದಿಸಿ, ಒಣಗಿಸಿ ತುಂಡುಗಳನ್ನು ಮಾಡಿಟ್ಟರು. ಇನ್ನು ಅರಿವೆ ಮತ್ತು ನೀರು. ಒಬ್ಬ ತಾಯಿ, ಇದೇನು ಹಳ್ಳಿಯ ಪದ್ಧತಿ ಎಂದು ಬಾಗಿಲಲ್ಲೇ ಜಗಳಕ್ಕೆ ನಿಂತಳು. "ನಿಮ್ಮ ಕಾಗದ ನಿಮ್ಮ ಮನ್ಯಾಗ ಇರ್ಲಿ ಬಾಯಿ. ಇಲ್ಲಿ ಬಂದ್ರ ಅರಿವಿ. ಬ್ಯಾಡಾದ್ರ ನಿಮ್ಮಿಷ್ಟ" ಎಂದು ಮಾವಶಿ ಮರಾಠಿಯಲ್ಲಿ ಅವಳಿಗೂ, ಕನ್ನಡದಲ್ಲಿ ನನಗೂ ಹೇಳಿದರು. ಅವಳು ಹೋದಳು. ಹೋದರೆ ಹೋಗಲಿ.

ಮಳೆಗಾಲ ಮುಗಿಯುವ ಹೊತ್ತಿಗೆ ಕೈ ವಾಸಿಯಾಯಿತು. ಡಾಕ್ಟರಮ್ಮನ ಮುಲಾಮು, ರಾತ್ರಿ ಬರಿ ವ್ಯಾಸಲೀನು, ಪಾತ್ರೆಗೆ ಹಳೆಯ ಕಾಲದ ಹಾಗೆ ಬೂದಿ ಮತ್ತು ತೆಂಗಿನ ನಾರು. ಹೊಸ ಚರ್ಮ ತೆಳ್ಳಗೆ, ಗುಲಾಬಿ ಬಣ್ಣದಲ್ಲಿ ಬಂತು. ಬೀಗತಿ ಒಂದು ದಿನ ತಾವೇ ನೋಡಲು ಬಂದರು. ಮಾವಶಿಯ ಕೈಗಳನ್ನು ಬಿಸಿಲಿಗೆ ಹಿಡಿದು, ಆ ಕಡೆ ಈ ಕಡೆ ಹೊರಳಿಸಿ, ಬೆರಳ ಸಂದಿಗಳನ್ನೂ ಬಿಡಿಸಿ ನೋಡಿದರು. ಕೊನೆಗೆ, "ಆತು, ಬಾಣಂತನಕ್ಕ ನೀವಽ ಬರ್ರಿ. ಆದ್ರ ನಮ್ಮ ಮನೀಗಿ ಬರ್ರಿ. ಇಲ್ಲಿ ಮಂದಿ ಮಕ್ಕಳ ನೆಗಡಿ ಕೆಮ್ಮು ಇರ್ತಾವ" ಎಂದರು. ಮಾವಶಿಗೆ ಅಷ್ಟೇ ಸಾಕಾಗಿತ್ತು. ಅವರು ಹೋದ ಮೇಲೆ ಪುಟ್ಟಿಯನ್ನು ಎತ್ತಿ ಗರಗರ ತಿರುಗಿಸಿದರು.

ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ತಾಯಿ ಮಗು ಮನೆಗೆ ಬಂದ ದಿನ, ಪಾಳಣಾಘರಕ್ಕೆ ರಜೆ ಹೇಳಿದ ಮಾವಶಿಯನ್ನು ನಾನೇ ತಳೇಗಾಂವಕ್ಕೆ ಬಿಟ್ಟು ಬಂದೆ. ಬಾಣಂತಿಯ ಕೋಣೆ ನೋಡಲು ಎರಡು ಕಣ್ಣು ಸಾಲದು. ಅಳಿಯ ಹುಡುಗ ಮೂರು ದಿನ ರಜ ಹಾಕಿ, ಮಗು ಬರುವ ಮುಂಚೆ ಗೋಡೆಗೆಲ್ಲ ಎಳೆ ಹಳದಿ ಬಣ್ಣ ಬಳಿದಿದ್ದ. ಬಾಣಂತಿಗೆ ಗಾಳಿ ತಾಕಬಾರದೆಂದು ಕಿಟಕಿಗಳ ಸಂದಿಗೂ ಬಟ್ಟೆ ತುರುಕಿದ್ದರು, ಒಳಗೆ ಕೆಂಡದ ಶೆಗಡಿ. ಬಣ್ಣದ ವಾಸನೆಯೂ ಅಷ್ಟಾಗಿ ಇರಲಿಲ್ಲ. ಮರುದಿನ ಬೆಳಿಗ್ಗೆ ಮಗುವಿಗೆ ಮನೆಯಲ್ಲಿ ಮೊದಲ ಸಲ ಎರೆಯುವುದು, ಮಾವಶಿಯೇ ಎರೆಯುವುದು ಎಂದು ಮಾತಾಗಿತ್ತು. ಎಣ್ಣೆ ತಂದಿದ್ದೀರಾ ಎಂದು ನಾನು ಕೇಳಿದ್ದಕ್ಕೆ, "ಅದನ್ನ ಮರೀತೀನೇನ್ರಿ!" ಎಂದು ಚೀಲ ತಟ್ಟಿ ತೋರಿಸಿದರು.

ಬೆಳಿಗ್ಗೆ ಮಾವಶಿಯ ಮಗಳ ಫೋನು. "ಅಕ್ಕಾ, ಲಗೂನ ಬರ್ರಿ. ಅವ್ವನ ಮಾರಿ..." ಮುಂದೆ ಬರೀ ಅಳು.

ಹೋಗಿ ನೋಡಿದರೆ ಮಾವಶಿ ಮನೆಯೊಳಗೆ ಇರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇವರೇ ಅವರು ಎಂದು ನನಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಮುಖ ಕೆಂಪಗೆ ಊದಿ ಎರಡರಷ್ಟಾಗಿತ್ತು. ರೆಪ್ಪೆಗಳು ಬಾತು ಕಣ್ಣುಗಳು ಪೂರಾ ಮುಚ್ಚಿಹೋಗಿದ್ದವು. ದೇವರೇ, ಒಂದು ರಾತ್ರಿಯಲ್ಲಿ ಮನುಷ್ಯರ ಮುಖ ಹೀಗಾಗುತ್ತದೆಯೇ!

"ಅಕ್ಕಾರ ಬಂದ್ರೇನು? ನನ್ನ ಮನೀಗಿ ಬಿಡ್ರಿ" ಅಂದರು. "ಕೂಸಿಗೇನರೆ ಆದ್ರ ನಾ ಬದುಕಂಗಿಲ್ಲ."

ಬೀಗತಿ ಬಾಗಿಲಲ್ಲಿ ಮಗುವನ್ನು ಅವುಚಿಕೊಂಡು ನಿಂತಿದ್ದರು. "ಕೈಯಾಗಿಂದು ಮಾರೀಗಿ ಬಂತು ನೋಡ್ರಿ. ಅಂಟಂಗಿಲ್ಲ ಅಂದಿದ್ರಲ್ಲ ನಿಮ್ಮ ಡಾಕ್ಟರು!"

ನಾನು ಅಲ್ಲೇ ನಿಂತು ಡಾಕ್ಟರಮ್ಮನಿಗೆ ಫೋನು ಹಚ್ಚಿದೆ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಉಸಿರಾಟ ಸರಿಯಿದೆಯೇ ಎಂದು ಮೊದಲು ಕೇಳಿದರು. ಇದೆ ಎಂದೆ. "ಆ ಮನೆಗೆ ಈಚೆಗೆ ಬಣ್ಣ ಹಚ್ಚಿದ್ದಾರಾ?" ಎಂದರು.

ಹಚ್ಚಿದ್ದಾರೆ, ಬಾಣಂತಿಯ ಕೋಣೆಗೆ ಎಂದೆ. ನೀರು ಬೆರೆಸುವ ಗೋಡೆ ಬಣ್ಣ ಡಬ್ಬಿಯಲ್ಲಿ ಕೆಡದಿರಲೆಂದು ಹಾಕುವುದೂ ಅದೇ ಜಾತಿಯ ಔಷಧಿಯಂತೆ. ಬಣ್ಣ ಒಣಗಿದ ಮೇಲೂ ವಾರಗಟ್ಟಲೆ ಗಾಳಿಗೆ ಬಿಡುತ್ತಲೇ ಇರುತ್ತದಂತೆ. ಕಿಟಕಿ ಮುಚ್ಚಿ, ಕೆಂಡ ಇಟ್ಟು, ಆ ಕೋಣೆಯಲ್ಲಿ ಇಡೀ ರಾತ್ರಿ ಮಲಗಿದ್ದಾರೆ. ಬೇರೆಯವರಿಗೆ ಏನೂ ಆಗುವುದಿಲ್ಲ, ಒಲ್ಲೆ ಎಂದ ಮೈಗೆ ಅಷ್ಟು ಸಾಕು. ಕೂಡಲೇ ಅಲ್ಲಿಂದ ಹೊರಡಿಸಿ, ಇಂಜೆಕ್ಷನ್ ಕೊಡಿಸಿ, ನಾಲ್ಕೈದು ದಿನದಲ್ಲಿ ಇಳಿಯುತ್ತದೆ, ಯಾರಿಗೂ ಅಂಟುವುದಿಲ್ಲ ಎಂದು ಒತ್ತಿ ಹೇಳಿದರು.

ಅಳಿಯ ಹುಡುಗ ಬಾಲ್ಕನಿಯಿಂದ ಬಣ್ಣದ ಡಬ್ಬಿ ತಂದ. ಅದರ ಮೇಲೂ ಒಂದು ಗುಂಡು ಮಗುವಿನ ಚಿತ್ರ! ಮಾವಶಿಗೆ ಅದು ಕಾಣುತ್ತಿರಲಿಲ್ಲ. ಮಾತು ಮಾತ್ರ ಕೇಳಿಸಿತ್ತು. ಊದಿದ ಮುಖವನ್ನು ನಾನಿದ್ದ ಕಡೆ ಎತ್ತಿ ಕೇಳಿದರು:

"ಗೋಡಿಗಿ ಬಳಿಯೂದೂ ಅದಽ, ಕೂಸಿನ ಕುಂಡಿಗಿ ಒರಸೂದೂ ಅದಽ ಏನ್ರಿ? ಇವ್ರ ಮನಿ ಹಾಳಾಗ! ಗೋಡಿ ಯಾವುದು, ಕೂಸು ಯಾವುದು, ಇಷ್ಟೂ ತಿಳಿಯಂಗಿಲ್ಲೇನ್ರಿ ಇವ್ರಿಗಿ?"

ಹುಡುಗ ಡಬ್ಬಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತ. ಪಾಪ, ಮಗಳಿಗೆಂದು ಆಸೆಯಿಂದ ಬಳಿದ ಬಣ್ಣ. ನಾನು ಮಾವಶಿಯ ಚೀಲ ಎತ್ತಿಕೊಂಡು ಅವರ ತೋಳು ಹಿಡಿದೆ. ಅವರು ಎದ್ದು, ತಡವರಿಸಿ, ಮಗುವಿನ ಸದ್ದು ಬರುತ್ತಿದ್ದ ಕಡೆ ಒಮ್ಮೆ ಕೈಮುಗಿದರು. ಇನ್ನು ಆ ಮಗುವಿಗೆ ಎರೆಯುವ ಮಾತು ಮುಗಿಯಿತು ಎಂದೇ ನಾನೂ ತಿಳಿದೆ.

"ನಿಂದರ್ರಿ" ಎಂದರು ಬೀಗತಿ. ಸ್ವಲ್ಪ ಹೊತ್ತು ಹಳದಿ ಕೋಣೆಯ ಕಡೆ ನೋಡಿದರು, ಆಮೇಲೆ ಮೆಟ್ಟಿಲ ಕಡೆ. ಬಳಿಕ ಸೊಸೆಗೆ, "ತಲಿಗಿ ಅರಿವಿ ಕಟ್ಕೋ. ಕೂಸಿನ ಹಾಸಿಗಿ ತಗೋ. ಚೊಚ್ಚಲ ಬಾಣಂತನ ತವರಮನ್ಯಾಗಽ ಆಗಬೇಕು" ಅಂದರು. ನನ್ನ ಕಡೆ ತಿರುಗಿ, "ಕಾರಿನಾಗ ನಾವೆಲ್ಲಾ ಹಿಡಿತೀವೇನು?" ಎಂದು ಕೇಳಿದರು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಮಾವಶಿ ಬೇಡ ಬೇಡ ಎಂದು ಕೈಯಾಡಿಸುತ್ತಲೇ ಇದ್ದರು. ಬೀಗತಿ ಅವರನ್ನೇ ಮೊದಲು ಕಾರಿಗೆ ಹತ್ತಿಸಿದರು.

ದಾರಿಯಲ್ಲಿ ಆಸ್ಪತ್ರೆ ಹೊಕ್ಕು ಇಂಜೆಕ್ಷನ್ ಕೊಡಿಸಿ ಹಿಂಜವಾಡಿಗೆ ಬಂದೆವು. ಮಧ್ಯಾಹ್ನಕ್ಕೆ ಹಂಡೆಯಲ್ಲಿ ನೀರು ಕಾಯಿತು. ಬಚ್ಚಲಲ್ಲಿ ಮಣೆ ಹಾಕಿದರು. ಮಾವಶಿಯ ಕಣ್ಣು ಇನ್ನೂ ತೆರೆದಿರಲಿಲ್ಲ. "ನನಗ ಕಾಣವಲ್ದು. ನೀವಽ ಎರೀರಿ ಬೀಗರ" ಎಂದು ಗೋಡೆಗೆ ಒರಗಿ ನಿಂತರು.

"ಎರಿಯೂದೇನ್ ಕಣ್ಣಿಲೆ ಎರೀತಾರೇನ್ರಿ? ಕುಂದರ್ರಿ" ಎಂದು ಬೀಗತಿ ಗದರಿದರು. ಕೈ ಹಿಡಿದು ಮಣೆಯ ಮೇಲೆ ಕೂರಿಸಿ, ಕಾಲು ಚಾಚಿಸಿ, ಮಗುವನ್ನು ತಂದು ಅವರ ಮೊಣಕಾಲ ಕೆಳಗೆ, ಜೋಡಿಸಿದ ಕಾಲುಗಳ ಮೇಲೆ ಬೋರಲು ಮಲಗಿಸಿದರು. ಮಾವಶಿಯ ಕೈ ಮಗುವಿನ ನೆತ್ತಿಯಿಂದ ಶುರುವಾಗಿ ಕತ್ತು, ಬೆನ್ನು, ಪುಟ್ಟ ಪುಟ್ಟ ಹಿಮ್ಮಡಿಯವರೆಗೆ ಎಣ್ಣೆ ಹಚ್ಚುತ್ತ ಇಳಿಯಿತು. ಮಗು ಅಳಲೇ ಇಲ್ಲ. ಬಾಗಿಲಲ್ಲಿ ಪುಟ್ಟಿಯನ್ನು ಎತ್ತಿಕೊಂಡು ನಿಂತ ನನಗೆ ಅಳು ತಡೆಯಲಾಗಲಿಲ್ಲ. ನಾನು ಹಾಯಾಗಿ ಆಫೀಸಿನಲ್ಲಿ ಕೂತಿದ್ದ ದಿನಗಳಲ್ಲೆಲ್ಲ ನನ್ನ ಮಗಳನ್ನು ಬೆಳೆಸಿದ್ದು ಈ ಕೈ. ಬಿರಿದು ರಕ್ತ ಒಸರುತ್ತಿದ್ದಾಗಲೂ ಅದು ಒಂದು ದಿನ ಅವಳನ್ನು ಕೆಳಗಿಡಲಿಲ್ಲ. ಈ ಋಣ ತೀರಿಸುವ ದಾರಿ ನನಗೆ ಇವತ್ತಿಗೂ ಗೊತ್ತಿಲ್ಲ.

ಬೀಗತಿ ಹಂಡೆಯಿಂದ ಬಕೇಟಿಗೆ ನೀರು ಸುರಿದು ತಣ್ಣೀರು ಬೆರೆಸಿದರು.

"ಕೂಸಿಗಿ ಹದಾ ಆಗ್ಯದೇನು ನೋಡ್ರಿ ಬೀಗರ, ಭಾಳ ಬಿಸಿ ಆದೀತು" ಎಂದರು ಮಾವಶಿ.

ಬೀಗತಿ ಬಕೇಟನ್ನು ಎಳೆದು ಅವರ ಪಕ್ಕಕ್ಕೇ ತಂದಿಟ್ಟರು.

"ನನಗ ತಿಳಿಯಂಗಿಲ್ಲ" ಎಂದರು. "ನಿಮ್ಮ ಕೈ ಹಾಕಿ ನೋಡ್ರಿ."